ದಾಳ ಹಿಡಿಯದವರ ಮುಖ

ಮನೆಗೆ ಬಂದ ಅತಿಥಿಯನ್ನು ಆದರಿಸುವುದು ನಮ್ಮ ಹಿರಿಯರಿಂದ ಬಂದ ಸಂಸ್ಕಾರ. ಹಾಗೆಯೇ, ಬಂದವನು ಏನು ಮಾತನಾಡುತ್ತಾನೆ, ಆ ಮಾತನ್ನು ಮಕ್ಕಳು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸುವುದೂ ಗೃಹಸ್ಥರ ಕರ್ತವ್ಯವೇ. ದೂರದರ್ಶನವು ಒಂದು ಕಾಲದಲ್ಲಿ ಹೀಗೆ ಅತಿಥಿಯಾಗಿ ಬಂದು, ಮನೆಯ ಸದಸ್ಯನಾಗಿ ನೆಲೆಸಿ, ಈಗ ಚಿಕ್ಕದಾಗಿ ಎಲ್ಲರ ಅಂಗಿಯ ಜೇಬನ್ನೂ ಸೇರಿದೆ. ಅದು ತೋರಿಸುವ ನೂರಾರು ಬಗೆಯ ದೃಶ್ಯಗಳಲ್ಲಿ ಜೂಜಿನ ದೃಶ್ಯಕ್ಕೆ ಇರುವ ಸೆಳೆತ ವಿಶೇಷವಾದುದು. ಕೈಯಲ್ಲಿ ಎಲೆ ಹಿಡಿದವನ ಬೆರಳು, ಉರುಳುವ ದಾಳ, ಮೇಜಿನ ಮೇಲಿನ ಹಣ, ಸುತ್ತಲೂ ಉಸಿರು ಬಿಗಿಹಿಡಿದು ನಿಂತ ಜನ, ಇವಿಷ್ಟಿದ್ದರೆ ಸಾಕು, ಒಲೆಯ ಮೇಲಿನ ಹಾಲನ್ನು ಮರೆತು ನೋಡುವಂತಾಗುತ್ತದೆ. ಇಂತಹ ದೃಶ್ಯಗಳಲ್ಲಿ ನೆನಪಿನಲ್ಲಿ ಉಳಿಯುವಂಥವು ಯಾವುವು, ಅವು ಏನನ್ನು ತೋರಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಮೊದಲು ಹೊರನಾಡಿನ ಒಂದು ದೃಶ್ಯ. ಜೇಮ್ಸ್ ಬಾಂಡ್ ಎಂಬ ಪತ್ತೇದಾರನ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು. 1968ರಲ್ಲಿ 'ಜೇಡರ ಬಲೆ' ಚಿತ್ರದಲ್ಲಿ ರಾಜಕುಮಾರ್ ಅವರು ಸಿ.ಐ.ಡಿ. 999 ಆಗಿ ಬಂದದ್ದು ಅದೇ ಅಚ್ಚಿನ ಪಾತ್ರ. ಬಾಂಡ್ ಎಂದೊಡನೆ ಸಿನಿಮಾ ನೆನಪಾಗುವುದಾದರೂ ಅವನು ಮೊದಲು ಕಾಣಿಸಿಕೊಂಡದ್ದು ಬೆಳ್ಳಿತೆರೆಯಲ್ಲಲ್ಲ, ಕಿರುತೆರೆಯಲ್ಲಿ. ಅದೂ ಒಂದು ಕ್ಯಾಸಿನೊದಲ್ಲಿ, ಎಂದರೆ ಜೂಜಿಗೆಂದೇ ಕಟ್ಟಿದ ಮನೆಯಲ್ಲಿ. ಇಯಾನ್ ಫ್ಲೆಮಿಂಗ್ ಬರೆದ 'ಕ್ಯಾಸಿನೊ ರಾಯಲ್' ಕಾದಂಬರಿ 1953ರಲ್ಲಿ ಪ್ರಕಟವಾಯಿತು. ಮರುವರ್ಷ, 1954ರ ಅಕ್ಟೋಬರ್ 21ರಂದು, ಅಮೆರಿಕದ ಸಿ.ಬಿ.ಎಸ್. ವಾಹಿನಿಯು ಅದನ್ನು ಒಂದು ಗಂಟೆಯ ನಾಟಕವಾಗಿ ನೇರವಾಗಿ ಪ್ರಸಾರ ಮಾಡಿತು. ಬ್ಯಾರಿ ನೆಲ್ಸನ್ ನಾಯಕ, ಪೀಟರ್ ಲೋರೆ ಖಳನಾಯಕ. ಬಕಾರಾ ಎಂಬ ಇಸ್ಪೀಟಾಟದಲ್ಲಿ ಖಳನನ್ನು ಸೋಲಿಸಿ ಅವನನ್ನು ಬರಿಗೈ ಮಾಡುವುದೇ ನಾಯಕನ ಕಾರ್ಯ. ನಾಯಕನು ಒಮ್ಮೆ ಎಲ್ಲವನ್ನೂ ಕಳೆದುಕೊಂಡು, ಮತ್ತೆ ಹಣ ದೊರೆತು, ಕೊನೆಗೆ ಗೆಲ್ಲುತ್ತಾನೆ.

ಆ ಬಳಿಕ ಬಂದ ಸಾವಿರಾರು ಕ್ಯಾಸಿನೊ ದೃಶ್ಯಗಳು ಈ ಮಾದರಿಯ ಮಕ್ಕಳು ಮೊಮ್ಮಕ್ಕಳೇ. ಅವುಗಳಲ್ಲಿ ಆಡುವವನು ಧೀರ, ಸುಂದರ, ಒಳ್ಳೆಯ ಉಡುಪಿನವನು. ಅವನು ಸೋತರೂ ಅದು ಮುಂದಿನ ಗೆಲುವಿಗೆ ಹಾಕಿದ ಮೆಟ್ಟಿಲು. ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಈ ನಾಯಕನಿಗೆ ಮನೆಯಿಲ್ಲ. ಅವನಿಗಾಗಿ ಕಾಯುವ ತಾಯಿಯಿಲ್ಲ, ಶಾಲೆಯ ಫೀಸು ಕಟ್ಟಬೇಕಾದ ಮಕ್ಕಳಿಲ್ಲ. ಅವನು ಮೇಜಿನ ಮೇಲೆ ಇಟ್ಟ ಹಣವೂ ಅವನದಲ್ಲ, ಸರ್ಕಾರದ್ದು. ಆದಕಾರಣ ಅವನ ಸೋಲಿನಿಂದ ಯಾರ ಅಡುಗೆಮನೆಯೂ ಬರಿದಾಗುವುದಿಲ್ಲ. ಮನೆಯೊಂದನ್ನು ತೆಗೆದುಹಾಕಿದರೆ ಜೂಜು ಬಹು ಚೆಲುವಾಗಿ ಕಾಣುತ್ತದೆ.

ಅದೇ ಅಮೆರಿಕದ ಅದೇ ವಾಹಿನಿಯು 1960ರ ಜನವರಿ 29ರಂದು ಇದಕ್ಕೆ ತೀರ ಬೇರೆಯಾದ ಒಂದು ದೃಶ್ಯವನ್ನೂ ತೋರಿಸಿತು. 'ಟ್ವಿಲೈಟ್ ಝೋನ್' ಎಂಬ ಮಾಲಿಕೆಯಲ್ಲಿ ರಾಡ್ ಸರ್ಲಿಂಗ್ ಬರೆದ 'ಜ್ವರ' ಎಂಬರ್ಥದ ಹೆಸರಿನ ಕಂತು ಅದು. ಫ್ರಾಂಕ್ಲಿನ್ ಎಂಬ ನಡುವಯಸ್ಸಿನ ಗೃಹಸ್ಥ, ಅವನ ಮಡದಿ ಫ್ಲೋರಾ. ಆಕೆಗೆ ಯಾವುದೋ ಸ್ಪರ್ಧೆಯಲ್ಲಿ ಬಹುಮಾನವಾಗಿ ಜೂಜಿನ ನಗರವಾದ ಲಾಸ್ ವೇಗಾಸ್‌ಗೆ ಉಚಿತ ಪ್ರವಾಸ ದೊರೆತಿದೆ. ಫ್ರಾಂಕ್ಲಿನ್ ಜೂಜನ್ನು ಕಂಡರೆ ಉರಿದುಬೀಳುವವನು. ಹೆಂಡತಿ ಒಂದು ನಾಣ್ಯ ಹಾಕಿ ನೋಡಿದರೂ ಸಿಡುಕುವವನು. ಕುಡಿದ ಅಪರಿಚಿತನೊಬ್ಬ ಅವನ ಕೈಗೆ ಒಂದು ಡಾಲರ್ ನಾಣ್ಯವನ್ನು ತುರುಕಿ ಯಂತ್ರಕ್ಕೆ ಹಾಕಿಸುತ್ತಾನೆ. ಯಂತ್ರ ಗಲಗಲನೆ ನಾಣ್ಯ ಸುರಿಸುತ್ತದೆ. ಅಲ್ಲಿಂದ ಯಂತ್ರವು ಅವನನ್ನು ಹೆಸರು ಹಿಡಿದು ಕರೆಯುವಂತೆ ಅವನಿಗೆ ಕೇಳಿಸತೊಡಗುತ್ತದೆ. ಇದು ಕೆಟ್ಟ ಹಣ, ಯಂತ್ರಕ್ಕೇ ಹಿಂದಿರುಗಿಸಿ ಬರುತ್ತೇನೆ ಎಂಬ ನೆಪ ಹೇಳಿ ಹೊರಡುತ್ತಾನೆ. ರಾತ್ರಿಯೆಲ್ಲ ಆಡಿ ಇದ್ದುದನ್ನೆಲ್ಲ ಕಳೆಯುತ್ತಾನೆ. ಕೊನೆಯ ನಾಣ್ಯವನ್ನು ನುಂಗಿ ಯಂತ್ರ ಕೆಟ್ಟು ನಿಲ್ಲುತ್ತದೆ. ಆ ಯಂತ್ರವೇ ಬೆನ್ನಟ್ಟಿ ಬಂದಂತೆ ಭ್ರಮಿಸಿ ಅವನು ಕಿಟಕಿಯಿಂದ ಕೆಳಗೆ ಬಿದ್ದು ಸಾಯುತ್ತಾನೆ. ಅವನ ಶವದ ಬಳಿಗೆ ಆ ಒಂದು ನಾಣ್ಯ ಉರುಳಿಕೊಂಡು ಬರುತ್ತದೆ.

ಈ ಕಂತಿನಲ್ಲಿ ಮನೆ ಕ್ಯಾಸಿನೊದೊಳಕ್ಕೆ ಬಂದಿದೆ. ಗಂಡನ ತೋಳು ಹಿಡಿದು ಎಳೆಯುವ, ಅಂಗಲಾಚುವ, ಕೊನೆಗೆ ಅಸಹಾಯಕಳಾಗಿ ನೋಡುವ ಫ್ಲೋರಾಳ ರೂಪದಲ್ಲಿ ಅದು ಅಲ್ಲಿ ನಿಂತಿದೆ. ಹಾಗಾಗಿಯೇ ಆ ದೃಶ್ಯದಲ್ಲಿ ಚೆಲುವಿಲ್ಲ, ಭಯವಿದೆ.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮವರು ಒಟ್ಟಾಗಿ ಕುಳಿತು ನೋಡಿದ ಜೂಜಿನ ದೃಶ್ಯ ಯಾವುದು ಎಂದು ಕೇಳಿದರೆ ಐವತ್ತು ದಾಟಿದ ಯಾರಾದರೂ ಒಂದೇ ಉತ್ತರ ಹೇಳುತ್ತಾರೆ. ಅದು ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಧಾರಾವಾಹಿಯ ದ್ಯೂತ ಪ್ರಸಂಗ. 1988ರ ಅಕ್ಟೋಬರ್ 2ರಂದು ಆರಂಭವಾದ ಆ ಧಾರಾವಾಹಿ 1990ರ ವರೆಗೆ ಭಾನುವಾರದ ಬೆಳಗಿನಲ್ಲಿ ಪ್ರಸಾರವಾಯಿತು. ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ದ್ರೌಪದಿ ರೂಪಾ ಗಂಗೂಲಿ, ಧರ್ಮರಾಯ ಗಜೇಂದ್ರ ಚೌಹಾಣ್, ಶಕುನಿ ಗೂಫಿ ಪೇಂಟಲ್. ಅಂದು ದೇಶದ ಮೂಲೆಮೂಲೆಗೆ ದೂರದರ್ಶನವನ್ನು ತಲುಪಿಸುತ್ತಿದ್ದ ಇನ್ಸಾಟ್-1ಬಿ ಉಪಗ್ರಹದ ಲಗಾಮು ಇದ್ದದ್ದು ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದಲ್ಲಿ ಎಂಬುದು ನಮ್ಮ ಜಿಲ್ಲೆಯವರು ಅಭಿಮಾನದಿಂದ ನೆನೆಯಬಹುದಾದ ಸಂಗತಿ. 1982ರಲ್ಲಿ ಆರಂಭವಾದ ಕೇಂದ್ರವದು.

ಬೆಳಗೋಡಿನ ಸುತ್ತಿನ ಗುಡ್ಡಗಾಡಿನಲ್ಲಿ ಆಗ ಟಿ.ವಿ. ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಬಿದಿರಿನ ಗಳುವಿಗೆ ಕಟ್ಟಿದ ಆಂಟೆನಾವನ್ನು ಒಬ್ಬರು ತಿರುಗಿಸುತ್ತಿದ್ದರೆ, ಒಳಗಿನಿಂದ 'ಬಂತು, ಹೋಯ್ತು' ಎಂದು ಇನ್ನೊಬ್ಬರು ಕೂಗುತ್ತಿದ್ದರು. ಭಾಷೆ ಹಿಂದಿ, ಚಿತ್ರದ ಮೇಲೆ ಮಂಜು ಸುರಿದಂತೆ ಚುಕ್ಕಿಗಳು. ಆದರೂ ಯಾರಿಗೂ ಅರ್ಥದ ತೊಡಕಾಗಲಿಲ್ಲ. ಗದುಗಿನ ಭಾರತದ ಸಭಾಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿದ್ದವರಿಗೆ, 'ಕುರುಕ್ಷೇತ್ರ' ನಾಟಕದಲ್ಲಿ ಹಾರ್ಮೋನಿಯಂ ಜೊತೆಗೆ ಶಕುನಿಯ ಅಟ್ಟಹಾಸ ಕಂಡಿದ್ದವರಿಗೆ, ಹಿಂದಿ ಬಾರದಿದ್ದರೇನು? ಕುಂಟುತ್ತ ಬಂದು, ಅಂಗೈಗಳ ನಡುವೆ ದಾಳ ಉಜ್ಜುತ್ತ, ಒಂದು ಕಣ್ಣು ಕಿರಿದು ಮಾಡಿ ನಗುವ ಗೂಫಿ ಪೇಂಟಲ್‌ರ ಶಕುನಿಯನ್ನು ನೋಡಿ ಅಜ್ಜಿಯಂದಿರು ನೆಟಿಕೆ ಮುರಿದು ಶಪಿಸುತ್ತಿದ್ದರು. 2020ರ ಮಾರ್ಚ್‌ನಲ್ಲಿ ಕೊರೋನಾ ದಿಗ್ಬಂಧನ ಬಂದಾಗ ದೂರದರ್ಶನವು ಅದೇ ಧಾರಾವಾಹಿಯನ್ನು ಮರುಪ್ರಸಾರ ಮಾಡಿತು. ಆ ವರ್ಷದ ಮೇ ತಿಂಗಳಿನಲ್ಲಿ, 2013ರಲ್ಲಿ ಹಿಂದಿಯಲ್ಲಿ ತಯಾರಾಗಿದ್ದ ಇನ್ನೊಂದು 'ಮಹಾಭಾರತ' ಕನ್ನಡ ಮಾತುಗಳೊಂದಿಗೆ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಬಂತು. ಹೀಗಾಗಿ ಅಜ್ಜಿಯೂ ಮೊಮ್ಮಗಳೂ ಒಂದೇ ದೃಶ್ಯವನ್ನು ಬೇರೆ ಬೇರೆ ಕಾಲದಲ್ಲಿ ಕಂಡಂತಾಯಿತು.

ಇವರೆಲ್ಲರ ನೆನಪಿನಲ್ಲಿ ಮೊದಲು ನಿಂತಿರುವುದು ದ್ರೌಪದಿಯ ಅಕ್ಷಯವಾದ ಸೀರೆ. ಅದು ಸಹಜವೇ. ಆದರೆ ಆ ಪವಾಡದ ಬೆಳಕಿನಲ್ಲಿ ಅದಕ್ಕೆ ಮುಂಚೆ ನಡೆದ ಸಣ್ಣ ಸಣ್ಣ ಸಂಗತಿಗಳು ಮಸುಕಾಗಿಬಿಡುತ್ತವೆ. ಮನೆ ನಡೆಸುವವರು ಕಲಿಯಬೇಕಾದದ್ದು ಇರುವುದು ಆ ಸಣ್ಣ ಸಂಗತಿಗಳಲ್ಲಿ. ವ್ಯಾಸಭಾರತದ ಸಭಾಪರ್ವವನ್ನು ಮುಂದಿಟ್ಟುಕೊಂಡು ಅವುಗಳಲ್ಲಿ ಕೆಲವನ್ನು ನೋಡೋಣ.

ಮೊದಲನೆಯದು, ಆ ಸಭಾಭವನ. ಧೃತರಾಷ್ಟ್ರನು ಜೂಜಿಗಾಗಿಯೇ ಸಾವಿರ ಕಂಬಗಳ, ನೂರು ಬಾಗಿಲುಗಳ, ರತ್ನಖಚಿತವಾದ ಹೊಸ ಸಭೆಯನ್ನು ಕಟ್ಟಿಸಿದನು. ಇಂದಿನ ಭಾಷೆಯಲ್ಲಿ ಅದೊಂದು ಕ್ಯಾಸಿನೊ. ನೂರು ಬಾಗಿಲುಗಳಿದ್ದರೂ ಎದ್ದು ಹೊರಬರಲು ಧರ್ಮರಾಯನಿಗೆ ಒಂದೂ ಕಾಣಲಿಲ್ಲ.

ಎರಡನೆಯದು, ಆಟದ ಏರ್ಪಾಡು. ಪಣದ ಹಣ ಕೊಡುವವನು ದುರ್ಯೋಧನ, ದಾಳ ಎಸೆಯುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲವೆಂದು ಧರ್ಮರಾಯನಿಗೆ ತೋರಿತು. ತೋರಿದ್ದನ್ನು ಬಾಯಿಬಿಟ್ಟು ಹೇಳಿಯೂ ಅವನು ಆಡಲು ಕುಳಿತ. ಅವನಿಗೆ ಜೂಜು ಪ್ರಿಯ, ಆದರೆ ಆಡಲು ತಿಳಿಯದು ಎಂದು ಶಕುನಿ ಮೊದಲೇ ಲೆಕ್ಕ ಹಾಕಿದ್ದ. ಇಸ್ಪೀಟಿನ ಯಾವ ಆಟ ಚಾತುರ್ಯದ್ದು, ಯಾವುದು ಅದೃಷ್ಟದ್ದು ಎಂದು ನಮ್ಮ ನ್ಯಾಯಾಲಯಗಳಲ್ಲಿ ದಶಕಗಳಿಂದ ಚರ್ಚೆ ನಡೆದಿದೆ. ಅಂದಿನ ಸಭೆಯಲ್ಲೂ ಚಾತುರ್ಯವಿತ್ತು. ಅದು ಒಂದೇ ಕಡೆಯಲ್ಲಿತ್ತು.

ಮೂರನೆಯದು, ಪಣಗಳ ಕ್ರಮ. ಮೊದಲು ಒಂದು ಮುತ್ತಿನ ಹಾರ. ಅನಂತರ ಚಿನ್ನ, ರಥ, ಆನೆ, ಕುದುರೆ, ಗೋವುಗಳು, ರಾಜ್ಯ. ಆಮೇಲೆ ನಕುಲ, ಸಹದೇವ, ಅರ್ಜುನ, ಭೀಮ; ಆಮೇಲೆ ತಾನು; ಕೊನೆಗೆ ದ್ರೌಪದಿ. ಯಾರೂ ಮನೆಯಿಂದ ಹೊರಡುವಾಗ ಹೆಂಡತಿಯನ್ನು ಪಣವಿಡುತ್ತೇನೆಂದು ಹೊರಡುವುದಿಲ್ಲ, ಹಾರದಿಂದಲೇ ಆರಂಭಿಸುತ್ತಾರೆ. ಪ್ರತಿ ಮೆಟ್ಟಿಲಲ್ಲೂ ಶಕುನಿ ಒಂದು ಮಾತು ಹೇಳುತ್ತಾನೆ. ಮಾದ್ರಿಯ ಮಕ್ಕಳನ್ನು ಸೋತೆ, ಭೀಮಾರ್ಜುನರು ನಿನಗೆ ಅವರಿಗಿಂತ ಪ್ರಿಯರೇನೋ ಎಂದು ಚುಚ್ಚುತ್ತಾನೆ. ತನ್ನನ್ನೇ ಸೋತ ಮೇಲೆ, ಇನ್ನೂ ಒಂದು ಪಣ ಉಳಿದಿದೆಯಲ್ಲ ಎಂದು ನೆನಪು ಮಾಡಿಕೊಡುತ್ತಾನೆ. ಸೋತವನಿಗೆ ಇನ್ನೂ ಉಳಿದಿರುವುದನ್ನು ತೋರಿಸಿಕೊಡುವುದೇ ಜೂಜು ನಡೆಸುವವರ ಮುಖ್ಯ ವಿದ್ಯೆ.

ನಾಲ್ಕನೆಯದು, ಕುರುಡ ಅರಸನ ಕಾತರ. ಗೆದ್ದದ್ದೇನು, ಗೆದ್ದದ್ದೇನು ಎಂದು ಧೃತರಾಷ್ಟ್ರ ಮತ್ತೆ ಮತ್ತೆ ಕೇಳುತ್ತಾನೆ. ಸೋತವರು ಯಾರು ಎಂದು ಅವನು ಕೇಳಲಿಲ್ಲ. ಕ್ಯಾಸಿನೊ ದೃಶ್ಯ ನೋಡುತ್ತ ಕುಳಿತ ನಾವೂ ಬಹುಪಾಲು ಅವನಂತೆಯೇ ಕೇಳುತ್ತಿರುತ್ತೇವೆ.

ಐದನೆಯದೇ ಪ್ರಧಾನವಾದುದು. ಕರೆಯಲು ಬಂದ ಪ್ರಾತಿಕಾಮಿಯೊಡನೆ ದ್ರೌಪದಿ ಸಭೆಗೆ ಒಂದು ಪ್ರಶ್ನೆಯನ್ನು ಕಳುಹಿಸುತ್ತಾಳೆ. ಅವರು ಮೊದಲು ಸೋತದ್ದು ತಮ್ಮನ್ನೋ, ನನ್ನನ್ನೋ? ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಪಣವಿಡುವ ಅಧಿಕಾರವೆಲ್ಲಿಯದು ಎಂಬುದು ಅದರ ತಾತ್ಪರ್ಯ. ಭೀಷ್ಮರು ಧರ್ಮದ ಗತಿ ಸೂಕ್ಷ್ಮವೆಂದರು. ವಿದುರ, ವಿಕರ್ಣರ ಮಾತಿಗೆ ಬೆಲೆ ಬರಲಿಲ್ಲ. ಉಳಿದವರು ಮೌನವಾಗಿ ಕುಳಿತರು. ದಾಳವನ್ನು ಮುಟ್ಟದವಳು, ಆಟಕ್ಕೆ ಒಪ್ಪಿಗೆ ಕೊಡದವಳು, ಆಡುವ ಸ್ಥಳದಲ್ಲಿಯೇ ಇಲ್ಲದವಳು ಆಟದ ಸಾಲವನ್ನು ತೀರಿಸಲು ಬರಬೇಕಾಯಿತು. ಬಾಂಡನ ಕ್ಯಾಸಿನೊದಲ್ಲಿ ಕಾಣೆಯಾಗಿದ್ದ ಮನೆಯನ್ನು ವ್ಯಾಸರು ಸಭೆಯ ಮಧ್ಯಕ್ಕೆ ತಂದು ನಿಲ್ಲಿಸಿದ್ದಾರೆ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ: ಜೂಜಿನ ದೃಶ್ಯವನ್ನು ನೋಡುವಾಗ ದಾಳ ಹಿಡಿಯದವರ ಮುಖವನ್ನು ಹುಡುಕಿರಿ. ಆ ಮುಖವನ್ನು ತೋರಿಸುವ ದೃಶ್ಯ ಸತ್ಯವಾದುದು. ತೋರಿಸದಿರುವುದು ಜಾಹೀರಾತು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ ಎಂಬುದನ್ನು ಬಹುಮಂದಿ ಮರೆತಿರುತ್ತಾರೆ. ದ್ರೌಪದಿ ಬೇಡಿದ ವರಗಳಿಂದ ಪಾಂಡವರು ದಾಸ್ಯದಿಂದ ಬಿಡುಗಡೆ ಹೊಂದಿದರು. ಕಳೆದುಕೊಂಡ ರಾಜ್ಯವೂ ಮರಳಿ ಬಂತು. ಎಲ್ಲರೂ ಇಂದ್ರಪ್ರಸ್ಥದ ದಾರಿ ಹಿಡಿದಿದ್ದರು. ಆಗ ಮತ್ತೆ ಕರೆ ಬಂತು. ಅಷ್ಟೆಲ್ಲವನ್ನೂ ಕಂಡಿದ್ದ ಧರ್ಮರಾಯ ಅರ್ಧ ದಾರಿಯಿಂದ ಹಿಂದಿರುಗಿ ಮತ್ತೆ ಆಡಿದ. ಒಂದೇ ಎಸೆತ, ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಫ್ರಾಂಕ್ಲಿನ್ ಎಂಬ ಆ ಪರದೇಶಿ ಗೃಹಸ್ಥನನ್ನು ಯಂತ್ರ ಹೆಸರು ಹಿಡಿದು ಕರೆದದ್ದೂ ಧರ್ಮರಾಯನನ್ನು ದೂತ ಕರೆದದ್ದೂ ಒಂದೇ ಕರೆ. ಧರ್ಮದ ಹೆಸರನ್ನೇ ಹೊತ್ತವನು ಅದಕ್ಕೆ ಓಗೊಟ್ಟನೆಂದ ಮೇಲೆ, 'ನಮ್ಮ ಹುಡುಗ ಒಳ್ಳೆಯವನು, ಅವನಿಗೆ ಹಾಗಾಗದು' ಎಂದು ನಾವು ನಿಶ್ಚಿಂತರಾಗಿರುವುದು ಹೇಗೆ?

ಈ ಪ್ರಶ್ನೆಯನ್ನು ಎತ್ತಲು ಕಾರಣವುಂಟು. ಯುಗಾದಿಯ ಮರುದಿನ ವರ್ಷತೊಡಕಿನಂದು ಅರಳಿಕಟ್ಟೆಯಲ್ಲಿ ಕುಳಿತು ಅಂದರ್-ಬಾಹರ್ ಆಡುವ ರೂಢಿ ನಮ್ಮ ಸೀಮೆಯಲ್ಲಿ ಹಳೆಯದು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೂ ಅದಕ್ಕೊಂದು ಹೊತ್ತು, ಒಂದು ಜಾಗ ಇತ್ತು. ಸೋತವನನ್ನು ಊರೇ ನೋಡುತ್ತಿತ್ತು. ಮುಂದೆ ಒಂದಂಕಿ ಲಾಟರಿ ಬಂದು ಎಷ್ಟೋ ಕೂಲಿಯವರ ದಿನದ ದುಡಿಮೆಯನ್ನು ನುಂಗಿತು. 2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿಯನ್ನು ನಿಷೇಧಿಸಿತು. ನೆರೆಯ ಗೋವಾದಲ್ಲಿ 1992ರ ತಿದ್ದುಪಡಿಯಿಂದ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೂ, 1996ರ ತಿದ್ದುಪಡಿಯಿಂದ ನೀರಿನ ಮೇಲಿನ ಹಡಗುಗಳಲ್ಲಿ ಕ್ಯಾಸಿನೊಗಳಿಗೂ ಅವಕಾಶವಾಯಿತು. 2020ರ ಫೆಬ್ರವರಿಯಿಂದ ಗೋವಾ ಸರ್ಕಾರವು ತನ್ನ ಸ್ವಂತ ನಿವಾಸಿಗಳು ಆ ಕ್ಯಾಸಿನೊಗಳಿಗೆ ಹೋಗದಂತೆ ತಡೆದಿದೆ. ತನ್ನ ಮಕ್ಕಳಿಗೆ ಬೇಡವೆಂದದ್ದನ್ನು ನೆರೆಯವರ ಮಕ್ಕಳಿಗೆ ಬಡಿಸುವ ಆತಿಥ್ಯವಿದು.

ಈಚಿನ ವರ್ಷಗಳಲ್ಲಿ ಗೋವಾದವರೆಗೆ ಹೋಗುವ ಅಗತ್ಯವೂ ಉಳಿಯಲಿಲ್ಲ. ಕ್ರಿಕೆಟ್ ಪಂದ್ಯದ ನಡುವೆ ಬರುವ ಜಾಹೀರಾತಿನಲ್ಲಿ ಹೆಸರಾಂತ ನಟರೂ ಆಟಗಾರರೂ ಮೊಬೈಲಿನಲ್ಲಿ ಆಡಿ ಗೆಲ್ಲಿರೆಂದು ಕರೆದರು. ಆನ್‌ಲೈನ್ ಜೂಜನ್ನು ತಡೆಯಲು ಕರ್ನಾಟಕವು 2021ರಲ್ಲಿ ತಂದ ಪೊಲೀಸ್ ಕಾಯ್ದೆಯ ತಿದ್ದುಪಡಿಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಅಸಿಂಧುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಅದು ಆಡಿಸುವವರನ್ನು ಶಿಕ್ಷಿಸುತ್ತದೆ, ಆಡಿ ಸೋತವರನ್ನಲ್ಲ. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಅದು ಬರುವ ಮುಂಚೆಯೇ ಎಷ್ಟೋ ಮನೆಗಳಲ್ಲಿ ಪಣ ಸೋತಾಗಿತ್ತು.

ಅಂತಹ ಮನೆಯೊಂದರ ತಾಯಿ ಹಿಂದೊಮ್ಮೆ ನನ್ನಲ್ಲಿಗೆ ಬಂದಿದ್ದರು. ನಮ್ಮ ಹೋಬಳಿಯವರೇ. ಒಂದಿಷ್ಟು ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಎರಡು ತುಂಡು ಗದ್ದೆ. ಮಗ ಓದಿದವನು, ದುಶ್ಚಟಗಳಿಲ್ಲದವನು. ಮೊಬೈಲಿನಲ್ಲಿ ರಮ್ಮಿ ಆಡಿ ಮೊದಲು ಕೆಲವು ನೂರು ರೂಪಾಯಿ ಗೆದ್ದ. ಆಮೇಲೆ ಸೋತ. ಆಡುವುದನ್ನು ಬಿಟ್ಟು ಎರಡು ದಿನವಾದರೆ, ನಿನಗಾಗಿ ಬೋನಸ್ ಕಾದಿದೆ ಎಂದು ಅವನ ಹೆಸರು ಹಿಡಿದೇ ಸಂದೇಶ ಬರುತ್ತಿತ್ತಂತೆ. ಆ ವರ್ಷದ ಮೆಣಸಿನ ಹಣ ಹೋಯಿತು, ಹೆಂಡತಿಯ ಬಳೆ ಗಿರವಿಗೆ ಹೋಯಿತು. ಆ ತಾಯಿ ಅಳಲಿಲ್ಲ. ಒಂದೇ ಮಾತು ಕೇಳಿದರು. "ಅಯ್ನೋರೆ, ಆ ಮೆಣಸು ಅವನೊಬ್ಬನೇ ಬೆಳೆದದ್ದಲ್ಲ. ಕೊಯ್ದಿದ್ದು ನಾನು, ಕಣದಲ್ಲಿ ಒಣಗಿಸಿದ್ದು ಸೊಸೆ. ಅದನ್ನ ಕಳೆಯೋ ಹಕ್ಕು ಅವನಿಗೆ ಯಾರು ಕೊಟ್ರು?" ಸಭಾಪರ್ವವನ್ನು ಅವರು ಓದಿರಲಿಲ್ಲ. ಕೇಳಿದ ಪ್ರಶ್ನೆ ಮಾತ್ರ ದ್ರೌಪದಿಯದೇ.

ಆ ಪ್ರಶ್ನೆಯನ್ನು ಸಮಯಕ್ಕೆ ಮುಂಚೆಯೇ ಕೇಳಿದ ಗೃಹಿಣಿಯೊಬ್ಬಳು ನಮ್ಮ ಶರಣ ಪರಂಪರೆಯಲ್ಲಿದ್ದಾಳೆ. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ಎಲ್ಲಿಂದ ಬಂತು, ಏಕೆ ಬಂತು ಎಂದು ವಿಚಾರಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ದ್ರೌಪದಿಗೆ ಸೋಲಿನ ಸುದ್ದಿ ಬಂದ ಮೇಲೆ ಪ್ರಶ್ನೆ ಕೇಳಬೇಕಾಯಿತು. ಲಕ್ಕಮ್ಮ ಗಳಿಕೆಯ ಸುದ್ದಿ ಬಂದಾಗಲೇ ಕೇಳಿದಳು. ಜೂಜಿನ ವಿಷಯದಲ್ಲಿ ಮನೆ ಎಚ್ಚರಗೊಳ್ಳಬೇಕಾದದ್ದು ಮೊದಲ ಸೋಲಿಗಲ್ಲ, ಮೊದಲ ಗೆಲುವಿಗೆ. ಮಗ 'ಸುಮ್ಮನೆ ಕುಳಿತಲ್ಲೇ ಐನೂರು ಬಂತಮ್ಮ' ಎಂದ ದಿನ ಎಲ್ಲರೂ ನಕ್ಕು ಸಿಹಿ ಮಾಡಿದರೆ, ಶಕುನಿಗೆ ಮಣೆ ಹಾಕಿದಂತೆಯೇ.

ಆದಕಾರಣ ಗೃಹಸ್ಥ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು. ಇಂತಹ ದೃಶ್ಯ ಬಂದಾಗ ಟಿ.ವಿ. ಆರಿಸಿ ಮಕ್ಕಳನ್ನು ಗದರಿಸಬೇಡಿರಿ. ಜೊತೆಯಲ್ಲಿ ಕುಳಿತು ನೋಡಿರಿ. ಈ ಹಣ ಯಾರದು, ಇವನು ಸೋತರೆ ಉಪವಾಸ ಬೀಳುವವರು ಯಾರು, ಅವರನ್ನು ಏಕೆ ತೋರಿಸಲಿಲ್ಲ ಎಂದು ಮಕ್ಕಳನ್ನೇ ಕೇಳಿರಿ. ಮನೆಯ ಬೆಳೆಯ ಹಣ ಎಷ್ಟು ಬಂತು, ಎಲ್ಲಿದೆ ಎಂಬುದು ಮನೆಯ ಹೆಂಗಸರಿಗೂ ತಿಳಿದಿರಲಿ. ಸೋತವನು ಬಾಯಿಬಿಟ್ಟು ಹೇಳಿದರೆ ಅವನನ್ನು ಹೀಯಾಳಿಸಬೇಡಿರಿ. ಕಳೆದದ್ದನ್ನು ಆಡಿಯೇ ಮರಳಿ ಪಡೆಯುತ್ತೇನೆ ಎಂದರೆ ಮಾತ್ರ ಬಿಡಬೇಡಿರಿ. ಅದು ಎರಡನೆಯ ದ್ಯೂತ. ಇದೊಂದು ರೋಗವೂ ಹೌದೆಂದು ವೈದ್ಯರು ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲ್, ಅಂತರ್ಜಾಲಗಳ ಗೀಳಿಗೆ ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವಿದೆ. 14416 ಎಂಬ ಟೆಲಿ-ಮಾನಸ್ ದೂರವಾಣಿಗೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಬಿಡುಗಡೆಯ ಮಾರ್ಗ ಧರ್ಮರಾಯನಿಗೂ ಇತ್ತು. ವನವಾಸದಲ್ಲಿ ಬೃಹದಶ್ವ ಋಷಿಯಿಂದ ನಳನ ಕಥೆಯನ್ನು ಕೇಳಿ, ಅಕ್ಷಹೃದಯವೆಂಬ ದಾಳದ ಮರ್ಮವನ್ನು ಕಲಿತ ಮೇಲೆ ಅವನು ರಾಜ್ಯವನ್ನು ಪಣವಿಟ್ಟು ಆಡಲಿಲ್ಲ.

ಆ ತಾಯಿಯ ಪ್ರಶ್ನೆಗೆ ನಾನು ಅಂದು ಶ್ಲೋಕ ಹೇಳಲಿಲ್ಲ. ಇದೇ ಮಾತನ್ನು ಮಗನ ಎದುರಿನಲ್ಲಿ, ಸೊಸೆಯನ್ನೂ ಕೂರಿಸಿಕೊಂಡು ಕೇಳಿರಿ ಎಂದೆ. ಅವರು ಕೇಳಿದರು. ಸಾಲ ಇನ್ನೂ ತೀರಿಲ್ಲ. ಆದರೆ ಮೆಣಸಿನ ಹಣ ಈಗ ಅತ್ತೆ ಸೊಸೆಯರ ಜಂಟಿ ಖಾತೆಗೆ ಬೀಳುತ್ತದೆ. ಮಗ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಫೋನನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾನೆ.